ಮಾಳಿಂಗಪ್ಪ ಕೇಳಿದ ಬೀಗದ ಲೆಕ್ಕ

ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಪಂಚಾಯ್ತಿಯವರು ಮುನಿಸಿಕೊಳ್ಳುತ್ತಾರೆ, ನಾಳೆ ನಮ್ಮ ಶಾಲೆಗೆ ನೀರು ಬೇಕೆಂದರೆ ಮತ್ತೆ ಅವರ ಮುಂದೆಯೇ ನಿಲ್ಲಬೇಕು. ಸಂತೆಕಲ್ಲೂರಿನ ಆಸುಪಾಸಿನಲ್ಲಿದೆ ಎಂದರೆ ಸಾಕು. ನಾನು ಜಬೀವುಲ್ಲಾ, ಮುದಗಲ್ಲಿನವನು. ದಿನಾ ಒಂದು ಬಸ್ಸು, ಒಂದು ಶೇರ್ ಆಟೊ ಹಿಡಿದು ಹೋಗಿ ಆ ಊರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಹದಿನಾಲ್ಕು ವರ್ಷದಿಂದ ಗಣಿತ ಕಲಿಸುತ್ತಿದ್ದೇನೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇದೆ, ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆದರೆ ಇಲ್ಲಿ ಹೇಳಬೇಕಾದ್ದು ನನ್ನ ವಿಷಯವಲ್ಲ, ಆ ಊರಿಗೆ ನೀರು ಬಿಡುವ ಮಾಳಿಂಗಪ್ಪನ ವಿಷಯ.

ಮಾಳಿಂಗಪ್ಪನಿಗೆ ಐವತ್ತೈದು ದಾಟಿದೆ. ಓದಿದ್ದು ಏಳನೇ ತರಗತಿ. ಇಪ್ಪತ್ತಾರು ವರ್ಷದಿಂದ ಪಂಚಾಯ್ತಿಯ ನೀರಿನ ಟಾಕಿ ಅವನ ಕೈಯಲ್ಲಿದೆ. ಎದೆಯ ಮಟ್ಟದ ಒಂದು ಕಬ್ಬಿಣದ ಚಾವಿಯನ್ನು ಹಳೆಯ ಸೈಕಲ್ಲಿಗೆ ಕಟ್ಟಿಕೊಂಡು ತಿರುಗುತ್ತಾನೆ. ಅದನ್ನು ನೆಲದೊಳಗಿನ ವಾಲ್ವಿಗೆ ಇಳಿಸಿ ತಿರುಗಿಸಿದರೆ ಊರಿನ ನಳಗಳಿಗೆ ನೀರು. ಯಾರ ಮನೆಯ ನಳದ ಮೂಗು ಮುರಿದಿದೆ, ಯಾರು ಕದ್ದು ಮೋಟರ್ ಹಚ್ಚುತ್ತಾರೆ, ಯಾವ ಮನೆಯ ಕೊಡ ಎಷ್ಟು ಹೊತ್ತಿಗೆ ತುಂಬುತ್ತದೆ, ಎಲ್ಲ ಗೊತ್ತು. ಇಷ್ಟು ಗೊತ್ತಿದ್ದವನು ಸುಮ್ಮನೆ ಇರುತ್ತಾನೆಯೇ ಎಂದರೆ ಇಲ್ಲ. ಅವನಿಗೊಂದು ಚಟ. ಎದುರಿಗೆ ಸಿಕ್ಕವರನ್ನು 'ಯಾಕ?' ಎಂದು ಕೇಳುವುದು. ಡಾಕ್ಟರನ್ನೂ ಕೇಳುತ್ತಾನೆ, ಲೈನ್‌ಮನ್‌ನನ್ನೂ ಕೇಳುತ್ತಾನೆ, ಮದುವೆ ಮನೆಯಲ್ಲಿ ಭಟ್ಟಿಯ ಮುಂದೆ ಕುಂತ ಅಡುಗೆಯವನನ್ನೂ ಬಿಡುವುದಿಲ್ಲ. ಊರಿನವರು ದೂರದಿಂದ ಅವನ ಸೈಕಲ್ ಕಂಡರೆ ಓಣಿ ಬದಲಿಸುತ್ತಾರೆ.

ನನಗೆ ಅವನು ಗಂಟುಬಿದ್ದದ್ದು ಒಂಬತ್ತನೇ ತರಗತಿಯ ಸಂಖ್ಯಾಶಾಸ್ತ್ರದ ಪಾಠದ ದಿನ. 'ಮಾದರಿ ಅಂದರ ಏನು? ಬೋಗುಣಿ ತುಂಬ ಸಾರು ಐತಿ. ರುಚಿ ನೋಡಾಕ ಅಷ್ಟೂ ಕುಡಿತೀವೇನು? ಒಂದು ಸೌಟು ನಾಲಿಗಿಗೆ ಹಚ್ಚಿದ್ರ ಮುಗೀತು' ಎಂದು ಮಕ್ಕಳಿಗೆ ಹೇಳುತ್ತಿದ್ದೆ. ಪ್ರತಿವರ್ಷ ಹೇಳುವ ಉದಾಹರಣೆ, ಯಾರೂ ಎದುರಾಡಿದವರಿಲ್ಲ. ಅವತ್ತು ಕಿಟಕಿಯ ಹೊರಗೆ ಶಾಲೆಯ ಸಿಂಟೆಕ್ಸ್ ತೊಳೆಯುತ್ತಿದ್ದ ಮಾಳಿಂಗಪ್ಪ ತಲೆ ಒಳಗೆ ಹಾಕಿದ.

"ಸರ್ರ, ಸಾರು ತಿರುವಿದ ಮ್ಯಾಲೋ, ತಿರುವೋದ್ಕಿಂತ ಮೊದ್ಲೋ?"

ಮಕ್ಕಳು ಕಿಸಕ್ಕನೆ ನಕ್ಕರು. ನನ್ನ ಕಿವಿ ಬಿಸಿಯಾಯಿತು.

"ನಿನ್ನ ಕೆಲಸ ನೀ ನೋಡು ಮಾಳಿಂಗಪ್ಪ."

"ಅದ ನೋಡಾಕತ್ತೀನ್ರಿ. ತಳದಾಗ ಉಪ್ಪು ಕುಂತಿರತದ, ಮ್ಯಾಲ ಸಪ್ಪಗ. ಅದಕ್ಕ ಕೇಳಿದೆ."

ಅವತ್ತು ಪಾಠ ಮುಗಿಸಿ ಹೊರಗೆ ಬಂದರೆ ಅವನು ಇನ್ನೂ ಅಲ್ಲೇ ನಿಂತಿದ್ದ. ತಾನು ನೀರು ಪರೀಕ್ಷೆ ಮಾಡುವ ರೀತಿಯನ್ನು ಹೇಳಲೇಬೇಕು ಎನ್ನುವ ಹುಕಿ. ಟಾಕಿಗೆ ಬ್ಲೀಚಿಂಗ್ ಪುಡಿ ಹಾಕಿದ ಮೇಲೆ ಒಂದು ಚಿಕ್ಕ ಸೀಸೆಯಲ್ಲಿ ನೀರು ಹಿಡಿದು ಎರಡು ಹನಿ ಔಷಧ ಬಿಟ್ಟರೆ ಹಳದಿ ಬಣ್ಣ ಬರಬೇಕು. ಮೊದಮೊದಲು ಅವನು ಟಾಕಿಯ ಬುಡದ ನಳದಲ್ಲೇ ನೀರು ಹಿಡಿಯುತ್ತಿದ್ದನಂತೆ, ದಿನಾ ಚೆಂದಾಗಿ ಹಳದಿ. ಆದರೂ ಹಳ್ಳದ ಓಣಿಯಲ್ಲಿ ಮಕ್ಕಳಿಗೆ ವಾಂತಿಭೇದಿ. ಆಮೇಲೆ ಹಳ್ಳದ ಓಣಿಯ ಕೊನೆಯ ನಳದಲ್ಲಿ ಹಿಡಿದು ನೋಡಿದರೆ ಬಣ್ಣವೇ ಇಲ್ಲ. "ಟಾಕಿ ಹತ್ರ ಕೇಳಿದ್ರ ಟಾಕಿ ಮಾತು ಹೇಳತದ ಸರ್ರ, ಊರಿಂದು ಹೇಳೂದಿಲ್ಲ" ಎಂದ. ನನಗೆ ಬಸ್ಸಿನ ಹೊತ್ತಾಗಿತ್ತು, ಹೂಂ ಹೂಂ ಎಂದು ಕಾಲ್ಕಿತ್ತೆ.

ಇದಾಗಿ ಹದಿನೈದು ದಿನಕ್ಕೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ ಶಾಹೀಸ್ತಾ ಮೇಡಂ ಶಾಲೆಗೆ ಬಂದರು. ಸಿಂಧನೂರಿನ ಹುಡುಗಿ, ಕೆಲಸಕ್ಕೆ ಸೇರಿ ಎರಡು ವರ್ಷ, ಎಲ್ಲವನ್ನೂ ಕಾಗದದ ಮೇಲೆ ಸರಿಯಾಗಿ ಮಾಡಬೇಕೆಂಬ ಹಟ. ಊರಿಗೆ ದಿನಕ್ಕೆ ಒಂದೇ ತಾಸು ನೀರು. ಅದೂ ಬೆಳಗಿನ ಐದೂವರೆಗೆ. ಕಿರಾಣಿ ಅಂಗಡಿಯ ಪಂಪಾಪತಿ ಮತ್ತಿತರರು ಅರ್ಜಿ ಕೊಟ್ಟಿದ್ದರು: ಐದೂವರೆಗೆ ಯಾರು ಏಳುತ್ತಾರೆ, ನಳ ಸುಮ್ಮನೆ ಹರಿದು ಓಣಿ ಕೆಸರಾಗುತ್ತದೆ, ಒಂಬತ್ತಕ್ಕೆ ಬಿಡಿ. ಮೇಡಂಗೆ ಅರ್ಜಿಯ ಹತ್ತು ಸಹಿ ನಂಬಿ ವೇಳೆ ಬದಲಿಸುವುದು ಸರಿ ಕಾಣಲಿಲ್ಲ. 'ಊರಿನ ಮನಸ್ಸೇನು ಅಂತ ನಿಮ್ಮ ಮಕ್ಕಳಿಂದ ಒಂದು ಸರ್ವೆ ಮಾಡಿಸಿಕೊಡಿ ಸರ್' ಎಂದರು. ನನಗೆ ಹಬ್ಬವೇ ಹಬ್ಬ. ಹದಿನಾಲ್ಕು ವರ್ಷ ಪುಸ್ತಕದಲ್ಲಿ ಹೇಳಿದ್ದನ್ನು ಊರಿನಲ್ಲಿ ಮಾಡಿ ತೋರಿಸುವ ಯೋಗ ಯಾವ ಮಾಸ್ತರನಿಗೆ ಬರುತ್ತದೆ?

ಪಂಚಾಯ್ತಿಯ ಪಟ್ಟಿಯಲ್ಲಿ ನಾನೂರ ಹನ್ನೆರಡು ಮನೆ. ಮಕ್ಕಳು ಹಳೆಯ ನೋಟ್‌ಬುಕ್ ಹರಿದು ಒಂದೊಂದು ಚೀಟಿಗೆ ಒಂದೊಂದು ಮನೆಯ ನಂಬರು ಬರೆದು, ಒಂದೇ ಥರ ಮಡಚಿ ಬಕೆಟ್ಟಿಗೆ ಹಾಕಿದರು. ಸಾರಿನ ಮಾತು ತಲೆಯಲ್ಲಿ ಇತ್ತೋ ಏನೋ, ಮೊಣಕೈವರೆಗೆ ಕೈ ಹಾಕಿ ನಾನೇ ತಿರುವಿದೆ. ಭಾಗ್ಯಶ್ರೀ ಎಂಬ ಹುಡುಗಿ ಚೀಟಿ ಎತ್ತಿ ನಂಬರು ಬರೆದುಕೊಂಡಳು. ಆ ಹುಡುಗಿಯ ಅಕ್ಷರ ಮುತ್ತು, ಲೆಕ್ಕ ಅದಕ್ಕಿಂತ ಚೊಕ್ಕ. ತರಗತಿಯಲ್ಲಿ ಕೈ ಎತ್ತುವವಳಲ್ಲ, ಕೇಳಿದರೆ ಮಾತ್ರ ಹೇಳುವವಳು.

ನಲವತ್ತು ಚೀಟಿ ಎತ್ತಿದ್ದಾಯಿತು. ನೋಡಿದರೆ ಎಂಟು ಮನೆ ಹಳ್ಳದ ಓಣಿಯವೇ. ಅದರಲ್ಲಿ ಮೂರು ಒಂದರ ಹಿಂದೊಂದು ಬಂದಿದ್ದವು.

"ಇದೇನು ಎಲ್ಲ ಒಂದ ಓಣಿಗೆ ಹೋಗಿ ಗುಂಪು ಕಟ್ಟ್ಯಾವ. ಹಿಂಗಾದ್ರ ಯಾದೃಚ್ಛಿಕ ಹೆಂಗಾಗತದ?" ಎಂದು ನಾನೇ ಐದು ಚೀಟಿಯನ್ನು ಬಕೆಟ್ಟಿಗೆ ವಾಪಸು ಹಾಕಿಸಿ ಬೇರೆ ಓಣಿಯ ಐದು ತೆಗೆಸಿದೆ. ಪಟ್ಟಿ ಈಗ ಕಣ್ಣಿಗೆ ಹರಡಿದಂತೆ ಕಂಡಿತು, ಸಮಾಧಾನವಾಯಿತು. ಹಳ್ಳದ ಓಣಿಯಲ್ಲಿ ಅರವತ್ತಕ್ಕೂ ಹೆಚ್ಚು ಮನೆ ಇವೆ, ನಲವತ್ತರಲ್ಲಿ ಎಂಟು ಅಲ್ಲಿಂದ ಬಂದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ ಎಂಬುದು ಹೊಳೆಯಲಿಲ್ಲ. ಗಣಿತದ ಮಾಸ್ತರನಿಗೇ ಹೊಳೆಯಲಿಲ್ಲ ಎಂದರೆ ಕೇಳಿದವರು ನಗಬೇಕು.

ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಇಬ್ಬಿಬ್ಬರಂತೆ ಮಕ್ಕಳನ್ನು ಕಳಿಸಿದೆ. ಪ್ರಶ್ನೆ ಒಂದೇ: ನೀರು ಯಾವಾಗ ಬಿಟ್ಟರೆ ನಿಮಗೆ ಇಷ್ಟ, ಐದೂವರೆಗೋ ಒಂಬತ್ತಕ್ಕೋ? ಯಾರೋ ಒಬ್ಬ ಹುಡುಗ ಕೇಳಿದ, 'ಮನಿಗೆ ಬೀಗ ಹಾಕಿದ್ರ ಸರ್?' ನಾನು ಯೋಚನೆ ಮಾಡದೆ ಹೇಳಿದೆ, 'ಮುಂದಿನ ಮನಿ ಕೇಳ್ರಿ.'

ಸೋಮವಾರ ಲೆಕ್ಕ ಹಾಕಿದರೆ ನಲವತ್ತರಲ್ಲಿ ಮೂವತ್ನಾಲ್ಕು ಮನೆ ಒಂಬತ್ತಕ್ಕೆ. ಆರೇ ಆರು ಐದೂವರೆಗೆ. ಬಣ್ಣದ ಪೆನ್ನಿನಲ್ಲಿ ಕಂಬಗಳನ್ನು ಬರೆಸಿ ಚಾರ್ಟನ್ನು ಆಫೀಸಿನ ಗೋಡೆಗೆ ತೂಗುಹಾಕಿದೆ. ಮಾಳಿಂಗಪ್ಪ ಯಾವುದೋ ನೆಪದಲ್ಲಿ ಬಂದು ಅದರ ಮುಂದೆ ಬಹಳ ಹೊತ್ತು ನಿಂತ. ಒಂದು ಕಂಬ ಉದ್ದ, ಒಂದು ಗಿಡ್ಡ. ಬೆರಳಿಟ್ಟು ಅಳೆದು ನೋಡಿದ.

"ಸರ್ರ, ಬೀಗ ಎಷ್ಟು?"

"ಯಾವ ಬೀಗ?"

"ಬೀಗ ಹಾಕಿದ ಮನಿ ಎಷ್ಟು ಸಿಕ್ಕಾವ್ರಿ?"

"ಅವು ಲೆಕ್ಕಕ್ಕಿಲ್ಲ. ಪಕ್ಕದ ಮನಿ ಕೇಳ್ಯಾರ. ನಲವತ್ತಂದ್ರ ನಲವತ್ತು ಭರ್ತಿ ಐತಿ."

"ಬೀಗ ಯಾಕ ಹಾಕಿದ್ರಂತ?"

ಸಿಟ್ಟು ಬಂತು. "ನಲವತ್ತು ಕಮ್ಮಿ ಅನಸ್ತದೇನು ನಿನಗ? ಇನ್ನ ನಲವತ್ತು ಮನಿ ಕೇಳಿಸ್ತೀನಿ, ಆವಾಗರ ಬಾಯಿ ಮುಚ್ಚತೀಯೋ ಇಲ್ಲೋ" ಎಂದು ರೇಗಿದೆ. ಹಟಕ್ಕೆ ಬಿದ್ದು ಆ ವಾರವೇ ಇನ್ನೂ ನಲವತ್ತು ಚೀಟಿ ಎತ್ತಿಸಿ, ಮಧ್ಯಾಹ್ನದ ಬಿಡುವಿನಲ್ಲಿ ಮಕ್ಕಳನ್ನು ಓಡಿಸಿದೆ. ಈ ಸಲ ಮೂವತ್ತೈದು, ಐದು. ಎಂಬತ್ತು ಮನೆ ಕೇಳಿದರೂ ಊರು ಅದೇ ಮಾತು ಹೇಳುತ್ತಿದೆ ಎಂದರೆ ಇನ್ನೇನು ಬೇಕು. ವರದಿ ಬರೆದು ಶಾಹೀಸ್ತಾ ಮೇಡಂ ಕೈಗೆ ಕೊಟ್ಟೆ. ಬರುವ ಮಂಗಳವಾರ ಸಭೆ ಕರೆದು ಒಂಬತ್ತರ ವೇಳೆಯನ್ನು ಗೊತ್ತು ಮಾಡುವುದೆಂದು ಅವರು ಹೇಳಿದರು.

ಗುರುವಾರ ಮಾಳಿಂಗಪ್ಪ ಮತ್ತೆ ಬಂದ. ಈ ಸಲ ಚಪ್ಪಲಿ ಹೊರಗೆ ಬಿಟ್ಟು, ಟವೆಲ್ಲು ಕೈಯಲ್ಲಿ ಹಿಡಿದು ಬಂದ.

"ಬೈಬ್ಯಾಡ್ರಿ ಸರ್ರ. ನಂಬರೊಂದಿಷ್ಟು ಓದಿಸ್ರಿ. ಯಾವ ನಂಬರು ಯಾರ ನಳ ಅಂತ ನನಗ ಗೊತ್ತಿರತದ. ತಿಳಕೊಬೇಕು ಅನಸೇತಿ, ಅಷ್ಟ."

ಆ ಮುಖ ನೋಡಿ ಬೈಯಲು ಮನಸ್ಸಾಗಲಿಲ್ಲ. ನಿಜ ಹೇಳಬೇಕೆಂದರೆ ನನ್ನ ತಲೆಗೂ ಅವನು ಹುಳ ಬಿಟ್ಟಿದ್ದ. ಭಾಗ್ಯಶ್ರೀಯನ್ನು ಕರೆಸಿದೆ. ಅವಳು ಮೊದಲ ಸರ್ವೆಯ ಪಟ್ಟಿ ತಂದಳು. ಉಳಿದ ಮಕ್ಕಳು ಉತ್ತರವನ್ನಷ್ಟೇ ಬರೆದಿದ್ದರು. ಇವಳು ತನ್ನ ಪಾಲಿನ ಮನೆಗಳ ಪಕ್ಕ 'ಬೀಗ' ಎಂದು ಸಣ್ಣಗೆ ಬರೆದಿದ್ದಳು, ಆಮೇಲೆ ಗೆಳತಿಯರನ್ನೂ ಕೇಳಿ ಅವರ ಮನೆಗಳಿಗೂ ಬರೆದಿಟ್ಟಿದ್ದಳು. ಯಾಕೆ ಬರೆದೆ ಎಂದರೆ 'ಸುಮ್ನ ಸರ್' ಎಂದಳು.

ನಲವತ್ತರಲ್ಲಿ ಹನ್ನೆರಡು ಬೀಗ.

ಒಂದೊಂದೇ ನಂಬರು ಅವಳು ಓದುತ್ತಾ ಹೋದಳು, ಮಾಳಿಂಗಪ್ಪ ಬೆರಳು ಮಡಚುತ್ತಾ ಮನೆ ಗುರುತು ಹೇಳುತ್ತಾ ಹೋದ. ಇವರು ನೆಲ್ಲು ಹಚ್ಚಾಕ ಹೋಗ್ಯಾರ. ಇವರೂ ಹೋಗ್ಯಾರ. ಈಕಿ ಅತ್ತಿ ಸೊಸಿ ಇಬ್ಬರೂ ಹೋಗ್ಯಾರ. ನನಗೆ ಆಗ ತಲೆಗೆ ಹತ್ತತೊಡಗಿತು. ನಮ್ಮ ಭಾಗ ಮಳೆ ನಂಬಿದ ನೆಲ. ಕಾಲುವೆಗೆ ನೀರು ಬಿಟ್ಟರೆ ಸಿಂಧನೂರಿನ ಕಡೆ ಭತ್ತದ ನಾಟಿ ಶುರು. ಆ ಎರಡು ತಿಂಗಳು ಈ ಊರಿನ ಹೆಂಗಸರು ಬೆಳಿಗ್ಗೆ ಆರೂವರೆಗೆ ಟಂಟಂ ಗಾಡಿ ಹತ್ತಿದರೆ ಮನೆ ಸೇರುವುದು ದೀಪ ಹಚ್ಚುವ ಹೊತ್ತಿಗೆ. ಮಕ್ಕಳು ಶಾಲೆಗೆ ಹೋದರೆ ಬಾಗಿಲಿಗೆ ಬೀಗ. ನಾನು ಹಗಲು ಹೊತ್ತಿನಲ್ಲಿ ಬಾಗಿಲು ಬಡಿಸಿ, ಬಾಗಿಲು ತೆರೆದವರನ್ನೇ ಊರು ಎಂದು ತಿಳಿದಿದ್ದೆ. ಹಗಲು ಮನೆಯಲ್ಲಿ ಇರುವವರಿಗೆ ಒಂಬತ್ತು ಬೇಕು, ಅದರಲ್ಲಿ ತಪ್ಪೇನಿದೆ? ಹಗಲಿನಲ್ಲಿ ನಾನೂರ ಹನ್ನೆರಡೂ ಬಾಗಿಲು ಬಡಿಸಿದ್ದರೂ ಉತ್ತರ ಅದೇ ಬರುತ್ತಿತ್ತು.

"ಇನ್ನೂರ ಹದಿನೇಳು. ಬೀಗ. ಇನ್ನೂರ ಹದಿನೆಂಟು ಕೇಳಿದ್ದು, ಒಂಬತ್ತಕ್ಕ" ಎಂದು ಭಾಗ್ಯಶ್ರೀ ಓದಿದಳು.

ಮಾಳಿಂಗಪ್ಪ ಈ ಸಲ ಬೆರಳು ಮಡಚಲಿಲ್ಲ. ಹುಡುಗಿಯ ಮುಖ ನೋಡಿದ. "ಇದು ಯಾರ ಮನಿ ಅಂತ ನೀನ ಹೇಳವಾ" ಎಂದ.

ಅವಳು ಪಟ್ಟಿಯಿಂದ ಕಣ್ಣೆತ್ತಲಿಲ್ಲ. "ನಮ್ದ್ರಿ."

"ನಿಮ್ದಾ? ಅಲ್ಲಿ ಸರ್ವೆಕ್ಕ ಹೋದಾಕಿ ಯಾರು?" ನಾನು ಕೇಳಿದೆ.

"ನಾನ ರೀ."

"ಮತ್ತ ನಿಮ್ಮ ಮನೀದು ಯಾಕ ಬರೀಲಿಲ್ಲ?"

"ಅವ್ವ ನೆಲ್ಲು ಹಚ್ಚಾಕ ಹೋಗಿದ್ಲು ಸರ್. ಬೀಗ ಇತ್ತು. ಬೀಗ ಇದ್ರ ಮುಂದಿನ ಮನಿ ಅಂತ ನೀವ ಹೇಳಿದ್ರಲ್ರಿ."

ತನ್ನ ಮನೆಯ ಬೀಗದ ಮುಂದೆ, ಸೊಂಟದಲ್ಲಿ ಅದರ ಚಾವಿ ಸಿಕ್ಕಿಸಿಕೊಂಡು ಆ ಹುಡುಗಿ ನಿಂತಿದ್ದಾಳೆ. ಮಾಸ್ತರು ಹೇಳಿದ್ದಾರೆಂದು ಪಕ್ಕದ ಮನೆಯವರ ಉತ್ತರ ಬರೆದುಕೊಂಡಿದ್ದಾಳೆ. ನನಗೆ ನಾಚಿಕೆಯಾಯಿತು. ಇಷ್ಟು ವರ್ಷದ ನೌಕರಿಯಲ್ಲಿ ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ.

"ಒಂಬತ್ತಕ್ಕ ಬಿಟ್ರ ನಿಮ್ಮ ಮನ್ಯಾಗ ನೀರು ಯಾರು ತುಂಬತಾರ?" ಮಾಳಿಂಗಪ್ಪ ಮೆತ್ತಗೆ ಕೇಳಿದ.

"ನಾನ ತುಂಬಬೇಕ್ರಿ. ನಮ್ದು ಕೊನಿ ನಳ. ಒಂಬತ್ತಕ್ಕ ಬಿಟ್ರ ನಮಗ ಬರೂದು ಒಂಬತ್ತೂ ಕಾಲು. ತುಂಬಿ ಮುಗಸೂದರಾಗ ಹತ್ತು, ಅಷ್ಟರಾಗ ಸಾಲಿ ಶುರು ಆಗಿರತದ." ಪಟ್ಟಿಯನ್ನು ಮೇಜಿನ ಮೇಲಿಟ್ಟಳು. "ಒಂಬತ್ತಾದ್ರ ನಾಟಿ ಮುಗಿಯೂತನ ಸಾಲಿ ಬಿಡು ಅಂದಾಳ ಅವ್ವ. ನಾಟಿ ಆದ ಮ್ಯಾಲ ಹತ್ತಿ ಬಿಡಿಸೂದು ಬರತದ್ರಿ. ಅದಾದ ಮ್ಯಾಲ ನೆಲ್ಲು ಕೊಯ್ಲು."

ಅವಳ ತಾಯಿ ಜಂಬಮ್ಮನಿಗೆ ಗಂಡನಿಲ್ಲ, ಮನೆಯಲ್ಲಿ ಇವರಿಬ್ಬರೇ. ನೀರು ತುಂಬಲು ಮನೆಯಲ್ಲಿ ಉಳಿಯುವುದು ಯಾರು ಎಂದರೆ ದುಡಿಯದಿರುವವಳೇ ಉಳಿಯಬೇಕು. ಶಾಲೆ ಬಿಟ್ಟು ನಾಟಿ, ಹತ್ತಿ, ಕೊಯ್ಲು ಎಂದು ಒಂದು ವರ್ಷ ಕಳೆದರೆ ಹುಡುಗಿ ಮರಳಿ ತರಗತಿಗೆ ಬರುವುದಿಲ್ಲ. ಇಂಥವರನ್ನು ಹಾಜರಿ ಪುಸ್ತಕದಲ್ಲಿ ಕೆಂಪು ಮಸಿಯಿಂದ ಹೊಡೆದುಹಾಕಿದ್ದು ನಾನೇ, ಒಬ್ಬರಲ್ಲ ಇಬ್ಬರಲ್ಲ. ಈ ಸಲ ಅದಕ್ಕೆ ಕಾರಣ ನನ್ನ ಚಾರ್ಟ್ ಆಗುತ್ತಿತ್ತು.

"ಈಗೇನ್ ಮಾಡೂದು?" ಎಂದು ನಾನು ಕೇಳಿದ್ದು ಏಳನೇ ತರಗತಿ ಓದಿದ ಮಾಳಿಂಗಪ್ಪನನ್ನು. "ನಾಳಿ ಬೆಳಿಗ್ಗಿ ಟಂಟಂ ನಿಲ್ಲೋ ಕಡೆ ನಿಂತು ಎಲ್ಲಾರ್ನೂ ಕೇಳಿಬಿಡ್ಲೇನು?"

"ಯಾಕ್ರಿ? ಅಲ್ಲಿ ಕೇಳಿದ್ರ ಎಲ್ಲಾರೂ ಐದೂವರಿ ಅಂತಾರ. ಆವಾಗ ಪಂಪಾಪತಿ ಸಾಹುಕಾರ್ರು ಬಿಟ್ಟಹೋದ್ರಲ್ಲ. ನಮ್ಮ ಕಡೆ ತೂಕ ಆಗ್ಲಿ ಅಂತ ಕೇಳಾಕತ್ತೀರೋ, ತಿಳಕೊಳಾಕ ಕೇಳಾಕತ್ತೀರೋ?"

ಅವನು ಬೆರಳಿನಲ್ಲಿ ದಿನ ಎಣಿಸಿದ. "ಐತವಾರ ನಾಗರ ಅಮಾಸಿ. ಅವತ್ತು ಯಾರೂ ಕೆಲಸಕ್ಕ ಹೋಗಂಗಿಲ್ಲ. ಮೊದಲು ಯಾವ ಮನಿ ಎತ್ತಿದ್ರೋ ಅದ ಮನಿಗೆ ಹೋಗ್ರಿ. ಬೀಗ ಇದ್ರ ಮತ್ತೊಮ್ಮಿ ಹೋಗ್ರಿ. ಪಕ್ಕದ ಮನಿ ಮಾತ್ರ ಬ್ಯಾಡ."

ಮೊದಲು ಎತ್ತಿದ್ದು ಎಂದರೆ ನಾನು ಹಾಳುಮಾಡುವ ಮುಂಚಿನ ಪಟ್ಟಿ. ವಾಪಸು ಹಾಕಿಸಿದ ಐದು ನಂಬರನ್ನೂ ಭಾಗ್ಯಶ್ರೀ ಒಂದು ಗೆರೆ ಎಳೆದು ಹಾಗೇ ಉಳಿಸಿದ್ದಳು. ಇನ್ನೊಂದು ಪ್ರಶ್ನೆಯನ್ನೂ ಮಾಳಿಂಗಪ್ಪನೇ ಸೇರಿಸಿದ. ಯಾವ ಹೊತ್ತು ಇಷ್ಟ ಎಂದು ಕೇಳಿದರೆ ಸಾಲದು, ಆ ಹೊತ್ತಿಗೆ ನೀರು ಬಂದರೆ ಕೊಡ ಹಿಡಿಯುವವರು ಯಾರು ಎಂದೂ ಕೇಳಬೇಕು.

ಅಮಾವಾಸ್ಯೆಯ ದಿನ ಮುದಗಲ್ಲಿನಿಂದ ಹೊರಟಾಗ ಮನೆಯಲ್ಲಿ ನನ್ನಾಕೆ ಹುಸ್ನಾ 'ರಜಾ ದಿನಾನೂ ಸಾಲಿನಾ, ತಲಿ ಕೆಟ್ಟೈತೇನ್ರಿ' ಎಂದಳು. ಇರಬಹುದು. ಊರಿಗೆ ಬಂದರೆ ಮನೆಮನೆಯಲ್ಲೂ ಪಂಚಮಿಯ ಉಂಡಿ ಕಟ್ಟುವ ತಯಾರಿ, ಶೇಂಗಾ ಹುರಿದ ವಾಸನೆ. ನಲವತ್ತರಲ್ಲಿ ಮೂವತ್ತೆಂಟು ಬಾಗಿಲು ತೆರೆದಿದ್ದವು. ಉಳಿದೆರಡಕ್ಕೆ ಮಕ್ಕಳು ಮತ್ತೆ ಮತ್ತೆ ಹೋಗಿ ಸಂಜೆಯೊಳಗೆ ಹಿಡಿದರು. ಬರುವಾಗ ಎಲ್ಲರ ಜೇಬಿನಲ್ಲೂ ಉಂಡಿ.

ಹಳ್ಳದ ಓಣಿಗೆ ನಾನೂ ಹೋದೆ. ಜಂಬಮ್ಮ ಕಾಲು ಚಾಚಿ ಕುಂತು ಪಾದಕ್ಕೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ದಿನವಿಡೀ ಕೆಸರಿನಲ್ಲಿ ನಿಂತ ಬೆರಳುಸಂದಿ ಬೆಳ್ಳಗೆ ಬಿರಿದಿತ್ತು. ನನ್ನನ್ನು ಕಂಡು ಸೆರಗು ಹೊದ್ದು ಎದ್ದಳು.

"ಬರ್ರಿ ಮಾಸ್ತರ್ರ. ಆಕೀನ ಸಾಲಿ ಬಿಡಸಬ್ಯಾಡ ಅಂತ ಹೇಳಾಕ ಬಂದೀರೇನು?"

"ಇಲ್ಲವಾ. ಕೇಳಾಕ ಬಂದೀನಿ."

"ಕೇಳ್ರಿ. ಇಲ್ಲೀತನ ಯಾರೂ ಕೇಳಾಕ ಬಂದಿಲ್ಲ."

ಸಂಜೆ ಶಾಲೆಯ ಕಟ್ಟೆಯ ಮೇಲೆ ಕುಂತು ಎಣಿಸಿದೆವು. ಒಂಬತ್ತಕ್ಕೆ ಇಪ್ಪತ್ಮೂರು, ಐದೂವರೆಗೆ ಹದಿನೇಳು. ನಾನು ಹಾರೈಸಿದ್ದಷ್ಟು ಬರಲಿಲ್ಲ, ಈಗಲೂ ಒಂಬತ್ತೇ ಹೆಚ್ಚು. ಎರಡನೆಯ ಪ್ರಶ್ನೆಯ ಉತ್ತರ ಮಾತ್ರ ಬೇರೆಯೇ ಇತ್ತು. ಒಂಬತ್ತು ಎಂದ ಮನೆಗಳಲ್ಲಿ ಐದೂವರೆಗೆ ನೀರು ಬಿಟ್ಟರೂ ಕೊಡ ತುಂಬುತ್ತಿತ್ತು, ನಿದ್ದೆಯಷ್ಟೇ ಹಾಳು. ಐದೂವರೆ ಎಂದ ಹದಿನೇಳರಲ್ಲಿ ಒಂಬತ್ತಕ್ಕೆ ಬಿಟ್ಟರೆ ಕೊಡ ಹಿಡಿಯುವ ದೊಡ್ಡವರೇ ಇಲ್ಲ. ಏಳು ಮನೆಯವರು 'ಹುಡುಗಿ ಉಳಿತಾಳ' ಎಂದಿದ್ದರು. ನಲವತ್ತಕ್ಕೆ ಏಳಾದರೆ ಇಡೀ ಊರಿಗೆ ಎಪ್ಪತ್ತರ ಆಸುಪಾಸು. ಹತ್ತಿಪ್ಪತ್ತು ಆಚೀಚೆ ಆಗಬಹುದು, ಸೊನ್ನೆ ಮಾತ್ರ ಆಗುವುದಿಲ್ಲ.

ಮಂಗಳವಾರ ಹನ್ನೊಂದಕ್ಕೆ ಪಂಚಾಯ್ತಿ ಕಚೇರಿಯಲ್ಲಿ ಸಭೆ. ಮೊದಲ ವರದಿ ತಪ್ಪು, ತಪ್ಪು ಮಾಡಿದವನು ನಾನೇ, ಮಕ್ಕಳಲ್ಲ ಎಂದು ಎದ್ದು ನಿಂತು ಹೇಳಿದೆ. ಹೊಸ ಲೆಕ್ಕವನ್ನು ಭಾಗ್ಯಶ್ರೀ ಓದಿದಳು.

ಪಂಪಾಪತಿ ಕೆಟ್ಟ ಮನುಷ್ಯನಲ್ಲ, ಲೆಕ್ಕ ಬಲ್ಲವನು. "ಆತಲ್ರಿ ಮಾಸ್ತರ. ನೀವ ಕಲಿಸಿದ ಗಣಿತ. ಹದಿನೇಳಕ್ಕಿಂತ ಇಪ್ಪತ್ಮೂರು ದೊಡ್ಡದೋ ಸಣ್ಣದೋ?" ಎಂದ.

ಶಾಹೀಸ್ತಾ ಮೇಡಂ ಕುರ್ಚಿಗಳ ಕಡೆ ಕಣ್ಣಾಡಿಸಿದರು. ಮೂವತ್ತು ಮಂದಿ ಇದ್ದರು. "ಆ ಹದಿನೇಳು ಮನೆಯವರು ಯಾರಾದರೂ ಬಂದಿದ್ದೀರಾ?" ಎಂದು ಕೇಳಿದರು. ಯಾರೂ ಕೈ ಎತ್ತಲಿಲ್ಲ. ಮಂಗಳವಾರ ಹಗಲು ಹನ್ನೊಂದಕ್ಕೆ ಅವರು ಸಿಂಧನೂರಿನ ಕೆಸರಿನಲ್ಲಿ ಬಗ್ಗಿ ನಿಂತಿದ್ದರು. ಸಭೆಗೂ ನನ್ನ ಸರ್ವೆಗೂ ಏನೇನೂ ವ್ಯತ್ಯಾಸ ಇರಲಿಲ್ಲ.

ಆಗ ಭಾಗ್ಯಶ್ರೀ, ಯಾರೂ ಕೇಳದೆ, ಮಾತಾಡಿದಳು. "ನಮ್ಮನಿ ಇನ್ನೂರ ಹದಿನೇಳು ರೀ ಮೇಡಂ. ಇವತ್ತೂ ಬೀಗ ಐತ್ರಿ. ಒಂಬತ್ತಕ್ಕ ಬಿಟ್ರ ನಾಳಿಂದ ನಾ ಸಾಲಿಗೆ ಬರಾಂಗಿಲ್ಲ. ಅಷ್ಟ ಹೇಳಬೇಕಿತ್ತು." ಕಾಗದ ಮಡಚಿ ಕೆಳಗೆ ನೋಡುತ್ತಾ ನಿಂತಳು. ಪಂಪಾಪತಿ ಕೆಮ್ಮಿದ.

ಹಿಂದಿನ ಗೋಡೆಗೆ ಒರಗಿ ನಿಂತಿದ್ದ ಮಾಳಿಂಗಪ್ಪ ಟವೆಲ್ಲು ಹೆಗಲಿಂದ ತೆಗೆದ. "ಟಾಕಿಗೆ ಎರಡು ವಾಲ್ವು ಅದಾವ್ರಿ ಮೇಡಂ. ಹಳ್ಳದ ಓಣಿ ಕಡೆ ಕೆಳಗಿನ ಲೈನಿಗೆ ಐದೂವರಿಗೆ ಬಿಡತೀನಿ, ಮ್ಯಾಲಿನ ಲೈನಿಗೆ ಒಂಬತ್ತಕ್ಕ. ನೀರು ಅಷ್ಟ, ಸರತಿ ಎರಡು. ಹದಿನೇಳರಾಗ ಹದಿನೈದು ಮನಿ ಕೆಳಗಿನ ಲೈನಿನವು. ಮ್ಯಾಲಿನ ಎರಡು ಮನಿ ಉಳಿತಾವು, ಅವಕ್ಕೇನು ಮಾಡೂದು ಅಂತ ನನಗೂ ತಿಳಿದಿಲ್ಲ."

"ಇದನ್ನ ಮೊದಲೇ ಯಾಕೆ ಹೇಳಲಿಲ್ಲ?" ಮೇಡಂ ಕೇಳಿದರು.

"ಸಭಿಯೊಳಗ ಬಾಯಿ ತೆರಿಯೋ ನೌಕರಿ ಅಲ್ರಿ ನಂದು."

ಠರಾವು ಹಾಗೆಯೇ ಆಯಿತು. ಮೇಲಿನ ಲೈನಿನ ಎರಡು ಮನೆ ಎಂದರೆ ಊರಲ್ಲಿ ಇಪ್ಪತ್ತರ ಆಸುಪಾಸು ಮನೆ. ಅವನ್ನು ಹುಡುಕಿ ಪಟ್ಟಿ ಮಾಡುವ ಕೆಲಸವನ್ನು ಮೇಡಂ ನಮ್ಮ ಶಾಲೆಗೇ ಹಚ್ಚಿದರು. ಯಾರೂ ಕೂಲಿಗೆ ಹೋಗದ ಪಂಚಮಿಯ ದಿನವೇ ಹೋಗಬೇಕು ಎಂದು ಅವರೇ ಹೇಳಿದಾಗ ನನಗೆ ನಗು ಬಂತು.

ಹೊರಗೆ ಬಂದು ಆಟೊ ಕಾಯುತ್ತಾ ನಿಂತೆ. ಮಾಳಿಂಗಪ್ಪ ಸೈಕಲ್ ತಳ್ಳಿಕೊಂಡು ಜೊತೆಗೆ ಬಂದ. ದಿನಕ್ಕೆ ಒಂದು ಸಲ ತಿರುಗಿಸುತ್ತಿದ್ದ ಚಾವಿಯನ್ನು ಇನ್ನು ಎರಡು ಸಲ ತಿರುಗಿಸಬೇಕು, ಸಂಬಳ ಅದೇ. ಇಷ್ಟು ದಿನ ಅವನು ನನ್ನನ್ನು ಕೇಳಿದ್ದಾಯಿತು, ಈಗ ನಾನು ಕೇಳಿದೆ.

"ನಿನಗ್ಯಾಕ ಇಷ್ಟು ಉಸಾಬರಿ ಮಾಳಿಂಗಪ್ಪ?"

ಅವನು ಹ್ಯಾಂಡಲ್ಲಿನ ಮೇಲಿನ ಧೂಳನ್ನು ಟವೆಲ್ಲಿನಿಂದ ಒರೆಸಿದ.

"ನಾ ಹೊಸದಾಗಿ ಸೇರಿದಾಗೂ ಒಂಬತ್ತಕ್ಕ ಬಿಡತಿದ್ದೆ ಸರ್ರ. ಐದಾರು ವರ್ಷ ಹಂಗ ನಡೀತು, ಐದೂವರಿ ಮಾಡಿದ್ದು ಆಮ್ಯಾಲ. ನನ್ನ ಹೆಂಡ್ತಿನೂ ನೆಲ್ಲು ಹಚ್ಚಾಕ ಹೋಗಾಕಿ. ನನ್ನ ಮಗಳು ಐದನೇ ಕ್ಲಾಸಿನಾಗ ಇದ್ಲು. ನಾ ನಸುಕಿಗೆ ಮನಿ ಬಿಟ್ರ ಕತ್ತಲಿಗೆ ಬರಾಂವ. ಒಂದಿನ ವಾಲ್ವು ತಿರುವಿ, ಓಣ್ಯಾಗ ಹಾದು ಬಂದೆ. ನನ್ನ ಮನಿ ಮುಂದಿನ ನಳದಾಗ ಆಕಿ ಕೊಡ ಹಿಡದು ಕುಂತಿದ್ಲು. ಸಾಲಿ ಬಿಟ್ಟು ಎಂಟು ತಿಂಗಳಾಗಿತ್ತಂತ್ರಿ. ದಿನಾ ಆಕಿಗೆ ನೀರು ಬಿಟ್ಟಾಂವ ನಾನ. ಯಾಕ ಅಂತ ಒಮ್ಮಿನೂ ಕೇಳಿರಲಿಲ್ಲ."

ಆಟೊ ಬಂದು ನಿಂತಿತು. ನಾನು ಹತ್ತಲಿಲ್ಲ, ಅದು ಹೋಯಿತು. ನಾವಿಬ್ಬರೂ ಅಲ್ಲೇ ಬೇವಿನ ಮರದ ಕೆಳಗೆ ಕುಂತೆವು.